ಕತ್ತಲೆಯ ಮುಂದೆ ಕಾಯುವುದು

ಹಿಂಗಾರಿ ಬಿತ್ತನೆಗೆ ಮುನ್ನ ಹೊರ್ತಿಯ ಎರೆಹೊಲವೊಂದರ ಬದುವಿನ ಮೇಲೆ ನಿಂತು ನೋಡಿರಿ. ಪರಸ್ಥಳದವನಿಗೆ ಅಲ್ಲಿ ಕಾಣುವುದು ಬರಿಯ ಕಪ್ಪು. ರೈತನಾದರೋ ಎಲ್ಲಿ ಹಸಿಯಿದೆ, ಎಲ್ಲಿ ಆರಿದೆ, ಎಲ್ಲಿ ಹದ ಬಂದಿದೆ ಎಂಬುದನ್ನು ಆ ಕಪ್ಪಿನಲ್ಲಿಯೇ ಓದಬಲ್ಲನು. ಮಾರ್ಕ್ ರಾಥ್ಕೋನ ಚಿತ್ರಗಳು ನಮ್ಮಿಂದ ಬೇಡುವುದೂ ಇಂಥ ತಾಳ್ಮೆಯ ಕಣ್ಣನ್ನೇ.

1903ರಲ್ಲಿ ಇಂದಿನ ಲಾತ್ವಿಯಾದ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಈತ, ಅಮೂರ್ತ ಅಭಿವ್ಯಕ್ತಿ ಪಂಥದ ಪ್ರಮುಖ ಕಲಾವಿದ. ಮನುಷ್ಯ, ಮರ, ಮನೆ ಯಾವುದನ್ನೂ ಚಿತ್ರಿಸದೆ ವರ್ಣದಿಂದಲೇ ಹೃದಯವನ್ನು ತಟ್ಟುವುದು ಅವನ ಹಾದಿ. ತನ್ನ ಚಿತ್ರಕ್ಕೂ ನೋಡುವವನಿಗೂ ನಡುವೆ ಚೌಕಟ್ಟು ಅಡ್ಡಬರುವುದು ಅವನಿಗೆ ಒಗ್ಗದು.

1964ರಲ್ಲಿ ಜಾನ್ ಮತ್ತು ಡೊಮಿನಿಕ್ ಡಿ ಮೆನಿಲ್ ಎಂಬ ಕಥೋಲಿಕ ದಂಪತಿಗಳು ಹ್ಯೂಸ್ಟನ್ ನಗರದ ಪ್ರಾರ್ಥನಾಲಯವೊಂದಕ್ಕೆ ಚಿತ್ರಗಳನ್ನು ರಚಿಸಲು ಅವನನ್ನು ಕೋರಿದರು. ದೊಡ್ಡ ಕಲಾಸಂಗ್ರಹದ ಒಡೆಯರಾದ ಅವರು ಆ ಚಿತ್ರಗಳನ್ನು ತಮ್ಮ ಮನೆಯ ಗೋಡೆಗೆ ಮೀಸಲಿಡಲಿಲ್ಲ. ಎಂಟು ಮೂಲೆಯ ಆ ಆಲಯದಲ್ಲಿ ಕಪ್ಪು ಮತ್ತು ಗಾಢ ನೇರಳೆಯ 14 ಚಿತ್ರಗಳಿವೆ. ಶಿಲುಬೆಯ ಹಾದಿಯ 14 ಸ್ಥಳಗಳು ನಮಗೆ ನೆನಪಾಗದಿರವು.

ಇವು ಹತಾಶೆಯ ಚಿತ್ರಗಳೆಂಬ ಆಕ್ಷೇಪವುಂಟು. ರಾಥ್ಕೋ 1970ರಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡನು. 1971ರಲ್ಲಿ ಬಾಗಿಲು ತೆರೆದ ಆಲಯವನ್ನು ಕಾಣಲಿಲ್ಲ. ಆದರೆ ಚಿತ್ರಗಳು ಮುಗಿದದ್ದು 1967ರಲ್ಲಿ. ಅವನ ಮರಣವನ್ನು ಅವುಗಳ ಅರ್ಥವೆಂದು ಹಚ್ಚುವುದು ನ್ಯಾಯವಲ್ಲ. ನಿಜವಾದ ಕೊರತೆ ಬೇರೆಡೆ ಇತ್ತು: ಮಾಳಿಗೆಯ ಗಾಜಿನಿಂದ ಸುರಿಯುತ್ತಿದ್ದ ತೀಕ್ಷ್ಣ ಬೆಳಕೇ ಚಿತ್ರಗಳನ್ನು ಮಂಕಾಗಿಸುತ್ತಿತ್ತು. 2020ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಆ ಬೆಳಕನ್ನು ಸೌಮ್ಯಗೊಳಿಸಲಾಯಿತು. ಕತ್ತಲೆಯನ್ನು ಕಾಣಲೂ ತಕ್ಕ ಬೆಳಕು ಬೇಕು.

ಇದೇ ರಾಥ್ಕೋನ 1961ರ ಒಂದು ಚಿತ್ರ ಖಾಸಗಿ ಸಂಗ್ರಹದಿಂದ ಹೊರಬಂದು 2012ರ ಹರಾಜಿನಲ್ಲಿ ಸುಮಾರು 8.7 ಕೋಟಿ ಡಾಲರಿಗೆ ಮಾರಾಟವಾಯಿತು. ಪತ್ರಿಕೆಗಳು ಬೆಲೆಯನ್ನು ಕೊಂಡಾಡಿದವು. ಬೆಲೆಯೂ ಒಂದು ಚೌಕಟ್ಟೇ. ಚಿನ್ನದ ಚೌಕಟ್ಟಿಗಿಂತ ದಪ್ಪನಾದದ್ದು. ಅದರೊಳಗೆ ಸಿಕ್ಕ ಚಿತ್ರದ ಮುಂದೆ ನಾವು ಲೆಕ್ಕ ಹಾಕುತ್ತೇವೆಯೇ ಹೊರತು ಮೌನವಾಗುವುದಿಲ್ಲ. ಹ್ಯೂಸ್ಟನ್ನಿನ ಆಲಯಕ್ಕಾದರೋ ಪ್ರವೇಶ ಉಚಿತ. ಯಾವ ಧರ್ಮದವರೂ ಬಂದು ಕುಳಿತುಕೊಳ್ಳಬಹುದು.

ಶುಭ ಶುಕ್ರವಾರಕ್ಕೂ ಪುನರುತ್ಥಾನದ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಅಂದು ಬಲಿಪೂಜೆಯಿಲ್ಲ, ಪೀಠದ ಮೇಲೆ ಅಲಂಕಾರವಿಲ್ಲ, ಕಾಯುವುದೊಂದೇ ಉಳಿದಿದೆ. ಈ ಚಿತ್ರಗಳು ಆ ಶನಿವಾರದವು. ಅವು ಪುನರುತ್ಥಾನವನ್ನು ತೋರಿಸುವುದಿಲ್ಲ ನಿಜ. ಆದರೆ ಕಪ್ಪು ನೆಲದ ಮುಂದೆ ಹದಕ್ಕಾಗಿ ಕಾದು ನಿಲ್ಲುವ ರೈತನನ್ನು ಬಲ್ಲ ನಾವು, ಅದನ್ನೊಂದು ಕೊರತೆಯೆಂದು ಎಣಿಸಬೇಕೇ?