ಹುಣಸೂರು ದಾರಿಯ ಪ್ರೇಮಕಥೆಗಳು

ಇಂಗ್ಲಿಷಿನಲ್ಲಿ 'ರೀಜೆನ್ಸಿ ರೊಮ್ಯಾನ್ಸ್' ಎಂಬ ಒಂದು ಬಗೆಯ ಕಾದಂಬರಿಗಳಿವೆ. ದೊರೆ ಮೂರನೇ ಜಾರ್ಜ್‌ಗೆ ಬುದ್ಧಿಭ್ರಮಣೆಯಾಗಿ, 1811ರಿಂದ 1820ರವರೆಗೆ ಮಗ ರಾಜಪ್ರತಿನಿಧಿಯಾಗಿ ಆಳಿದನಲ್ಲ, ಆ ಒಂಬತ್ತು ವರ್ಷಗಳೇ ಇವುಗಳ ಕಾಲ. ಜಾರ್ಜೆಟ್ ಹೇಯರ್ 1935ರಲ್ಲಿ 'ರೀಜೆನ್ಸಿ ಬಕ್' ಬರೆದು ಈ ದಾರಿ ತೆರೆದಳು. ಮುಂದೆ ಅಮೆರಿಕದ ಸಿಗ್ನೆಟ್, ಜೀಬ್ರಾ ಪ್ರಕಾಶನಗಳು ಇವನ್ನು ಮಾಲಿಕೆಯಾಗಿ ತಿಂಗಳು ತಿಂಗಳೂ ಹೊರತಂದವು. 2005-06ರ ಹೊತ್ತಿಗೆ ಆ ಮಾಲಿಕೆಗಳು ನಿಂತುಹೋದವು. ಆದರೆ ಓದುಗರು ಬಿಡಲಿಲ್ಲ. ಸಣ್ಣ ಪ್ರಕಾಶಕರು, ಇ-ಪುಸ್ತಕದವರು ಮತ್ತೆ ಹೊಸ ಮಾಲಿಕೆಗಳನ್ನು ಶುರು ಮಾಡಿದರು. ಅವು ತಮ್ಮನ್ನು 'ಸಾಂಪ್ರದಾಯಿಕ' ಎಂದು ಕರೆದುಕೊಳ್ಳುತ್ತವೆ. ಅರ್ಥ ಇಷ್ಟೇ: ಮಲಗುವ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಮಾತು, ಮರ್ಯಾದೆ, ಮನೆತನ, ಮದುವೆಯ ಮಾತುಕತೆ, ಇವೇ ಕಥೆ.

ಈ ಲೋಕ ನಮ್ಮವರಿಗೆ ಅಪರಿಚಿತವೇನಲ್ಲ. ಹೆಣ್ಣು ಒಬ್ಬಳೇ ಹೊರಗೆ ಹೋಗಬಾರದು, ಹುಡುಗನ ಆದಾಯ ವಿಚಾರಿಸಬೇಕು, ತಂಗಿ ತಪ್ಪು ಮಾಡಿದರೆ ಅಕ್ಕನ ಮದುವೆ ನಿಲ್ಲುತ್ತದೆ. ಇದನ್ನೆಲ್ಲ ಹುಣಸೂರಿನ ಓದುಗಳಿಗೆ ಯಾರೂ ವಿವರಿಸಬೇಕಿಲ್ಲ. ಕನ್ನಡದಲ್ಲಿ ತ್ರಿವೇಣಿಯವರಿಂದ ಸಾಯಿಸುತೆಯವರ ತನಕ ಇಂತಹ ಕಾದಂಬರಿಗಳಿಗೆ ದೊಡ್ಡ ಓದುಗ ವರ್ಗವಿತ್ತು. ಬಾಡಿಗೆ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವ ತನಕ ಅವು ಕೈಯಿಂದ ಕೈಗೆ ಹೋದವು. ಹೊಗೆಸೊಪ್ಪಿನ ಈ ಸೀಮೆಯ ಮುಸ್ಲಿಮ್ ಮನೆಗಳ ಹುಡುಗಿಯರೂ ಅವನ್ನು ಓದಿದವರೇ. ಆದರೆ ಅಲ್ಲಿ ನಾಯಕಿಯಾಗಿ ತಮ್ಮನ್ನು ಕಂಡುಕೊಂಡದ್ದು ಬಲು ಅಪರೂಪ. ಕಥೆಯೊಳಗೆ ಬಂದರೆ ಪಕ್ಕದ ಮನೆಯ ಗೆಳತಿಯಾಗಿ, ಅತ್ತರಿನ ವಾಸನೆಯಾಗಿ, ರಂಜಾನಿನ ಒಂದು ಪುಟವಾಗಿ ಬರುತ್ತಿದ್ದರು.

ಕನ್ನಡದ ಪ್ರಕಾಶಕರೊಬ್ಬರು ಇಂತಹದೊಂದು ಮಾಲಿಕೆ ಆರಂಭಿಸಬೇಕು ಎಂಬುದು ನಮ್ಮ ವಾದ. ಸರಕು ಲಂಡನ್ನಿನಿಂದ ತರಬೇಕಿಲ್ಲ. 1799ರಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಅವರ ಹೆಸರಿನಲ್ಲಿ ಪೂರ್ಣಯ್ಯ ರಾಜ್ಯವಾಳಿದರು. 1811ರಲ್ಲಿ ಅವರು ಅಧಿಕಾರ ಬಿಟ್ಟರು. ಅತ್ತ ಕೊಡಗಿನಲ್ಲಿ ದೊಡ್ಡ ವೀರರಾಜೇಂದ್ರ 1809ರಲ್ಲಿ ತೀರಿಕೊಂಡಾಗ ಮಗಳು ದೇವಮ್ಮಾಜಿ ಪಟ್ಟಕ್ಕೆ ಬಂದಳು. ಚಿಕ್ಕಪ್ಪ ಲಿಂಗರಾಜ ಅವಳನ್ನು ಸರಿಸಿ 1811ರಲ್ಲಿ ತಾನೇ ರಾಜನಾದ, 1820ರವರೆಗೆ ಆಳಿದ. ಲಂಡನ್ನು, ಮೈಸೂರು, ಮಡಿಕೇರಿ, ಮೂರೂ ಕಡೆ ಒಂದೇ ವರ್ಷ ಗದ್ದುಗೆಯ ಲೆಕ್ಕ ಬದಲಾಯಿತು. ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸಿಗುವುದು ಹುಣಸೂರು, ಪಿರಿಯಾಪಟ್ಟಣ. ಕೆ.ಆರ್. ನಗರ ಆಗ ಇರಲಿಲ್ಲ, ಎಡತೊರೆ ಇತ್ತು. ಹೆಗ್ಗಡದೇವನಕೋಟೆಯಿಂದಾಚೆ ಕಾಡು.

ಹುಣಸೂರಿನ ಕಥೆಯಂತೂ ಕಾದಂಬರಿಕಾರನಿಗೆ ಹೇಳಿ ಮಾಡಿಸಿದ್ದು. ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. 1813ರಲ್ಲಿ ಕಂಪನಿ ಸೈನ್ಯ ಅದರ ಆಡಳಿತ ವಹಿಸಿಕೊಂಡಿತು. ಆ ಶತಮಾನದಲ್ಲಿ ಹುಣಸೂರು ಅದರ ಕೇಂದ್ರವಾಯಿತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಗಾಡಿ, ಕಂಬಳಿ ಇಲ್ಲಿ ತಯಾರಾಗುತ್ತಿದ್ದವು. ಇಂಗ್ಲಿಷ್ ರೀಜೆನ್ಸಿ ಕಾದಂಬರಿಗಳಲ್ಲಿ ವಾಟರ್ಲೂ ಯುದ್ಧದ ವೀರ ವೆಲಿಂಗ್ಟನ್ ನೆರಳಿನಂತೆ ಸುಳಿಯುತ್ತಾನೆ. ಆತ ಆರ್ಥರ್ ವೆಲ್ಲೆಸ್ಲಿಯಾಗಿ 1799ರ ನಂತರ ಶ್ರೀರಂಗಪಟ್ಟಣದಲ್ಲಿ ಕುಳಿತು ಅಧಿಕಾರ ನಡೆಸಿದವನು, ಈ ಎತ್ತುಗಳ ನಡಿಗೆಯನ್ನು ಮೆಚ್ಚಿಕೊಂಡವನು. ತಾನು 1800ರಲ್ಲಿ ಸೋಲಿಸಿದ ಧೋಂಡಿಯಾ ವಾಘನ ಅನಾಥ ಮಗ ಸಲಾಬತ್ ಖಾನನ ಪೋಷಣೆಗೆ ಹಣ ಇಟ್ಟುಹೋದವನೂ ಅವನೇ. ಆ ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ. ಅಪ್ಪನನ್ನು ಕೊಂದವರ ಹಣದಲ್ಲಿ ಬೆಳೆದ ಯುವಕ! ಇಂತಹ ನಾಯಕ ಇಂಗ್ಲಿಷಿನವರಿಗೆ ಎಲ್ಲಿ ಸಿಗಬೇಕು?

ಇಷ್ಟು ಹೇಳಿ ಸುಮ್ಮನಾದರೆ ನಾಳೆ ಯಾರಾದರೂ ಪಲ್ಲಕ್ಕಿ, ಜರತಾರಿ, ಮುಶಾಯಿರಾ ಸೇರಿಸಿ ಪುಸ್ತಕ ಮಾಡಿಬಿಡುತ್ತಾರೆ. ಅದು ಬೇಡ. ರೀಜೆನ್ಸಿ ಕಥೆಗಳನ್ನು ಹಿಡಿದು ನಿಲ್ಲಿಸಿರುವುದು ಉಡುಪಲ್ಲ, ಆಸ್ತಿಯ ಕಾನೂನು. ಜೇನ್ ಆಸ್ಟಿನ್‌ಳ 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಐವರು ಹೆಣ್ಣುಮಕ್ಕಳಿದ್ದರೂ ಅಪ್ಪನ ಜಮೀನು ದೂರದ ಗಂಡು ನೆಂಟನಿಗೆ ಹೋಗುತ್ತದೆ. ಅದಕ್ಕೇ ಆ ತಾಯಿಯ ಆತುರ ನಗೆಯೂ ಹೌದು, ಭಯವೂ ಹೌದು. ಮದುವೆಯಾದ ಇಂಗ್ಲಿಷ್ ಹೆಂಗಸಿನ ಸೊತ್ತು ಗಂಡನದಾಗುತ್ತಿತ್ತು. 1870 ಮತ್ತು 1882ರ ಕಾಯಿದೆಗಳು ಬರುವ ತನಕ ಹಾಗೇ ಇತ್ತು. ದುಡ್ಡಿದ್ದವರು ಟ್ರಸ್ಟು ಗಿಸ್ಟು ಮಾಡಿ ಪಾರಾಗುತ್ತಿದ್ದರು, ಆ ಮಾತು ಬೇರೆ.

ಅದೇ 1813ರಲ್ಲಿ ಹುಣಸೂರಿನ ಒಬ್ಬ ಜಮಾದಾರನ ಮಗಳನ್ನು ಕಲ್ಪಿಸಿಕೊಳ್ಳಿ. ಶರೀಅತ್‌ನ ಪ್ರಕಾರ ಅಪ್ಪನ ಆಸ್ತಿಯಲ್ಲಿ ಅಣ್ಣನ ಪಾಲಿನ ಅರ್ಧ ಅವಳದು. ಮಹರ್ ಅವಳದು. ಅವಳು ಒಪ್ಪದೆ ನಿಕಾಹ್ ಇಲ್ಲ. ಇಂಗ್ಲಿಷ್ ನಾಯಕಿಗೆ ಇಲ್ಲದ್ದು ಇವಳಿಗೆ ಇದೆ. ಹಾಗಾದರೆ ಕಥೆಗೆ ಗಂಟು ಎಲ್ಲಿ? ಇದ್ದ ಹಕ್ಕು ಕೈಗೆ ಬಾರದಿರುವುದರಲ್ಲಿ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಲ್ಲಿ. ವಕೀಲನೂ ಸಾಕ್ಷಿಗಳೂ ಬಂದು ಒಪ್ಪಿಗೆ ಕೇಳುವಾಗ ಸುತ್ತ ಕುಳಿತ ಹೆಂಗಸರು ಅವಳ ತಲೆಯನ್ನು ತಾವೇ ಬಗ್ಗಿಸುವುದರಲ್ಲಿ. ಗಂಡನ ಶವದ ಮುಂದೆ ಮಹರ್ 'ಮಾಫ್' ಮಾಡೆಂದು ಹೇಳಿಸುವುದರಲ್ಲಿ. ಇದನ್ನು ಬಿಟ್ಟು ಅವಳನ್ನು ಆಸ್ಟಿನ್‌ಳ ನಾಯಕಿಯ ಪಡಿಯಚ್ಚಾಗಿ ಮಾಡಿದರೆ ಅದು ಬುರ್ಖಾ ತೊಡಿಸಿದ ಎಲಿಜಬೆತ್, ಅಷ್ಟೇ.

ಸಾರಾ ಅಬೂಬಕ್ಕರ್ ಇದನ್ನು ಬಲ್ಲವರಾಗಿದ್ದರು. 'ಚಂದ್ರಗಿರಿಯ ತೀರದಲ್ಲಿ'ಯ ನಾದಿರಾ, ರಶೀದರಿಗೆ ಒಬ್ಬರ ಮೇಲೊಬ್ಬರಿಗೆ ಇರುವ ಪ್ರೀತಿಯಲ್ಲಿ ಸಂಶಯವಿಲ್ಲ. ನಡುವೆ ನಿಂತಿರುವುದು ತಲಾಖು, ಮತ್ತು ಮರುಮದುವೆಗೆ ವಿಧಿಸಿದ ಷರತ್ತು. ಪ್ರೀತಿಯಷ್ಟೇ ಇದ್ದಿದ್ದರೆ ಆ ಕಾದಂಬರಿ ಇಪ್ಪತ್ತು ಪುಟಕ್ಕೆ ಮುಗಿಯುತ್ತಿತ್ತು. ಹುಣಸೂರು ತಾಲೂಕಿನ ಕಲ್ಲಹಳ್ಳಿಯವರೇ ಆದ ಚದುರಂಗರೂ ಬಲ್ಲರು. ಅರಸು ಮನೆತನದಲ್ಲಿ ಹುಟ್ಟಿದ ಅವರ 'ಸರ್ವಮಂಗಳಾ' (1950) ಪ್ರೇಮದ ಕಥೆ, ಆದರೆ ಓದುಗನನ್ನು ಕಾಡುವುದು ಪ್ರೇಮಿಗಳ ಮಾತಲ್ಲ, ನೆಂಟರಿಷ್ಟರು ಸೇರಿ ಒಂದು ಹೆಣ್ಣಿನ ಬದುಕನ್ನು ಇತ್ಯರ್ಥ ಮಾಡಿಬಿಡುವ ರೀತಿ. 1968ರಲ್ಲಿ ಅವರೇ ಅದನ್ನು ಸಿನಿಮಾ ಮಾಡಿದಾಗ ಜನ ಹಾಡು ನೆನಪಿಟ್ಟುಕೊಂಡರು, ಇರಲಿ.

ನಮ್ಮ ಚಾರಿತ್ರಿಕ ಕಾದಂಬರಿಗಳು ಬಹುಪಾಲು ಕೋಟೆಯ ಕಾದಂಬರಿಗಳು. ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಂತಹ ದೊಡ್ಡ ಕೃತಿಯೂ ಅರಮನೆಯ ಪತನವನ್ನು ನೋಡುತ್ತದೆ. ಕೋಟೆ ಬಿದ್ದ ಮೇಲೆ ಸಿಪಾಯಿಯ ಮಗಳ ಮದುವೆ ಹೇಗಾಯಿತು? ಟಿಪ್ಪುವಿನ ಸೈನ್ಯ ಚದುರಿದ ನಂತರ ಹಲವರು ಪೂರ್ಣಯ್ಯನವರ ಸಿಲ್ಲೇದಾರ್ ಕುದುರೆಪಡೆ ಸೇರಿದರು. ನಿನ್ನೆಯ ವೈರಿಯ ಪಡೆಯಲ್ಲಿ ಕೆಲಸಕ್ಕಿರುವ ಹುಡುಗನಿಗೆ ಹೆಣ್ಣು ಕೊಡಬೇಕೇ ಬೇಡವೇ ಎಂದು ಪಿರಿಯಾಪಟ್ಟಣದ ಒಂದು ಮನೆಯಲ್ಲಿ ನಡೆಯಬಹುದಾದ ಜಗಳ ಒಂದು ಪೂರ್ತಿ ಕಾದಂಬರಿಗೆ ಸಾಕು.

ಭಾಷೆಯ ಕೆಲಸವೇ ಕಷ್ಟದ್ದು. ಮನೆಯೊಳಗೆ ದಖ್ಖನಿ, ಸಂತೆಯಲ್ಲಿ ಕನ್ನಡ, ಕಚೇರಿಯ ಲೆಕ್ಕದಲ್ಲಿ ಮರಾಠಿ. ಎಲ್ಲರ ಬಾಯಲ್ಲೂ ಸಿನಿಮಾ ಉರ್ದು ತುರುಕಿದರೆ ಈ ತಾಲೂಕುಗಳ ಓದುಗರು ಎರಡನೇ ಪುಟಕ್ಕೇ ನಗುತ್ತಾರೆ. ಪ್ರಕಾಶಕರಿಗೆ ನಮ್ಮ ಸಲಹೆ: ಒಂದೇ ಪುಸ್ತಕ ತಂದು ಮಾರಾಟ ನೋಡುತ್ತಾ ಕೂರಬೇಡಿ. 1933ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಮಾಡಿದಂತೆ ಮೊದಲೇ ಚಂದಾದಾರರನ್ನು ಮಾಡಿಕೊಳ್ಳಿ, ಮೂರು ಕಾದಂಬರಿಗಳನ್ನು ಒಟ್ಟಿಗೆ ತನ್ನಿ, ಅದರಲ್ಲಿ ಒಂದನ್ನಾದರೂ ಈ ಸೀಮೆಯ ಹೆಣ್ಣುಮಗಳ ಕೈಯಲ್ಲಿ ಬರೆಸಿ.