ರೋಸಿಯ ಮನೆತನ ಹುಡುಕುವವರಿಗೆ

ಮಲಯಾಳದ ಮೊದಲ ಸಿನೆಮಾದ ಹೆಸರು ‘ವಿಗತಕುಮಾರನ್’. ಅಂದರೆ ಕಳೆದುಹೋದ ಮಗ. ತಿರುವಾಂಕೂರಿನ ಸಿರಿವಂತರ ಮನೆಯ ಹುಡುಗನನ್ನು ಒಬ್ಬ ಕೇಡಿಗ ಸಿಲೋನಿಗೆ ಕದ್ದೊಯ್ಯುತ್ತಾನೆ. ಹುಡುಗ ಅಲ್ಲಿನ ಎಸ್ಟೇಟಿನಲ್ಲಿ ಕೂಲಿಯಾಗಿ ಬೆಳೆಯುತ್ತಾನೆ. ಕೊನೆಗೆ ಬೆನ್ನ ಮೇಲಿನ ಗಾಯದ ಕಲೆ ನೋಡಿ ಮನೆಯವರು ಅವನನ್ನು ಗುರುತಿಸುತ್ತಾರೆ. ಫಿಲ್ಮಿನ ಒಂದು ತುಣುಕೂ ಇವತ್ತು ಉಳಿದಿಲ್ಲ, ಕತೆ ಉಳಿದಿದೆ. ದೊಡ್ಡಮನೆಯ ಮಗ ಕಳೆದುಹೋದರೆ ಹುಡುಕಿ ತರೋದಕ್ಕೆ ಒಂದು ಕಲೆ ಸಾಕಾಯಿತು. ಅವನ ತಂಗಿ ಸರೋಜಿನಿಯ ಪಾತ್ರ ಮಾಡಿದ ಹೆಣ್ಣುಮಗಳು ನಿಜವಾಗಿಯೂ ಕಳೆದುಹೋದಳು. ಅವಳನ್ನು ಹುಡುಕಲು ಯಾರೂ ಹೊರಡಲಿಲ್ಲ, ನಲವತ್ತು ವರ್ಷ.

ಅವಳು ಪಿ.ಕೆ. ರೋಸಿ. ತಿರುವನಂತಪುರದ ನಂದನಕೋಡಿನ ಪುಲಯರ ಹುಡುಗಿ. ಹುಟ್ಟಿದ್ದು 1903ರಲ್ಲಿ ಅಂತ ಹೇಳುತ್ತಾರೆ. ಹುಲ್ಲು ಕೊಯ್ದು ಮಾರುತ್ತಿದ್ದಳು, ಕಾಕ್ಕಾರಿಶಿ ನಾಟಕದಲ್ಲಿ ಪಾತ್ರ ಮಾಡುತ್ತಿದ್ದಳು. ಜೆ.ಸಿ. ಡೇನಿಯಲ್ ತನ್ನ ಮೂಕಿಚಿತ್ರಕ್ಕೆ ಅವಳನ್ನು ನಾಯಕಿ ಮಾಡಿದರು. ಪಾತ್ರ ನಾಯರ್ ಹೆಣ್ಣಿನದು. ಚಿತ್ರ ತೆರೆಕಂಡದ್ದು 1928ರಲ್ಲಿ ಅಂತ ಕೆಲವರು, 1930ರಲ್ಲಿ ಅಂತ ಕೆಲವರು. ಊರು ತಿರುವನಂತಪುರ, ಟಾಕೀಸು ಕ್ಯಾಪಿಟಲ್. ಮೊದಲ ಆಟಕ್ಕೆ ನಾಯಕಿಗೇ ಒಳಗೆ ಜಾಗವಿರಲಿಲ್ಲ. ನಾಯಕ ಅವಳ ಮುಡಿಯ ಹೂವಿಗೆ ಮುತ್ತಿಡುವ ದೃಶ್ಯ ಬಂದಾಗ ಪರದೆಗೆ ಕಲ್ಲು ಬಿತ್ತು. ಆಮೇಲೆ ಅವಳ ಗುಡಿಸಲಿಗೆ ಬೆಂಕಿ ಬಿತ್ತು. ಒಂದು ಲಾರಿ ಹತ್ತಿ ನಾಗರಕೋಯಿಲ್ ಕಡೆ ಹೋದಳು. ಲಾರಿ ಡ್ರೈವರನನ್ನೇ ಮದುವೆಯಾದಳು, ಅವನು ಮೇಲ್ಜಾತಿಯವನು. ರಾಜಮ್ಮಾಳ್ ಆಗಿ ಬದುಕಿದಳು, ಹಾಗೇ ತೀರಿಕೊಂಡಳು.

ಇಷ್ಟನ್ನಾದರೂ ನಾವು ಬಲ್ಲೆವು ಅಂದರೆ ಅದಕ್ಕೆ ಕಾರಣ ಕುನ್ನುಕುಳಿ ಎಸ್. ಮಣಿಯಂಥ ದಲಿತ ಪತ್ರಕರ್ತರು. 1970ರ ದಶಕದಿಂದ ಮಣಿ ಅವಳ ಬಗ್ಗೆ ಬರೆದರು. ಡೇನಿಯಲ್‌ರನ್ನು ಚೇಲಂಗಾಟ್ ಗೋಪಾಲಕೃಷ್ಣನ್ ಬೆಳಕಿಗೆ ತಂದರು. ಡೇನಿಯಲ್ ಹೆಸರಿನಲ್ಲಿ 1992ರಲ್ಲಿ ಸರ್ಕಾರಿ ಪ್ರಶಸ್ತಿ ಶುರುವಾಯಿತು. ರೋಸಿ ಹೆಸರಿನಲ್ಲಿ ಒಂದು ಫಿಲ್ಮ್ ಸೊಸೈಟಿ ಹುಟ್ಟಲು 2019 ಬರಬೇಕಾಯಿತು, ಅದೂ ಸಿನೆಮಾದ ಹೆಂಗಸರೇ ಕಟ್ಟಿದ್ದು.

2013ರಲ್ಲಿ ಕಮಲ್ ‘ಸೆಲ್ಯುಲಾಯ್ಡ್’ ಅನ್ನುವ ಸಿನೆಮಾ ಮಾಡಿದರು. ವಿನು ಅಬ್ರಹಾಂ ಅವರ ‘ನಷ್ಟ ನಾಯಿಕ’ ಕಾದಂಬರಿಯೂ ಅದಕ್ಕೆ ಆಧಾರ. ಒಳ್ಳೆಯ ಮನಸ್ಸಿನ ಸಿನೆಮಾ, ಇಲ್ಲ ಅನ್ನಲಾರೆ. ಆದರೆ ಅದರಲ್ಲಿ ದುರಂತ ಡೇನಿಯಲ್‌ದು. ರೋಸಿ ಕೈಮುಗಿದು ಅಂಜುತ್ತ ಬರುತ್ತಾಳೆ, ಅಳುತ್ತ ಓಡುತ್ತಾಳೆ, ಅಲ್ಲಿಗೆ ಅವಳ ಕೆಲಸ ಮುಗಿಯಿತು. ಜೆನ್ನಿ ರೊವಿನಾ ಆಗಲೇ ಕೇಳಿದರು: ಇವತ್ತಾದರೂ ಒಬ್ಬ ದಲಿತ ಹೆಣ್ಣು ಮಲಯಾಳಂ ಸಿನೆಮಾದಲ್ಲಿ ನಾಯರ್ ಪಾತ್ರ ಮಾಡಲು ಸಾಧ್ಯವೇ ಅಂತ. ನನ್ನ ತಕರಾರು ಅದಕ್ಕೆ ಸೇರಿದ್ದು. ಆ ಅಂಜಿಕೆ ಎಲ್ಲಿಂದ ಬಂತು? ಕಾಕ್ಕಾರಿಶಿಯಲ್ಲಿ ಶಿವ ಪಾರ್ವತಿಯರು ಕಣಿ ಹೇಳುವ ಅಲೆಮಾರಿ ಗಂಡ ಹೆಂಡಿರಾಗಿ ಬರುತ್ತಾರೆ. ಹಾಡಬೇಕು, ಕುಣಿಯಬೇಕು, ನೆರೆದ ಜನರ ಜೊತೆ ಮಾತಿಗೆ ಮಾತು ಕೊಡಬೇಕು. ಅಂಥ ಆಟದಲ್ಲಿ ಬೆಳೆದವಳು ಕ್ಯಾಮೆರಾ ಕಂಡು ನಡುಗಿದಳೇ? ದೇವರು ಕೆಳಜಾತಿ ವೇಷ ಹಾಕಿದಾಗ ಊರು ನಗುತ್ತಿತ್ತು. ಕೆಳಜಾತಿ ಹೆಣ್ಣು ನಾಯರ್ ವೇಷ ಹಾಕಿದಾಗ ಅದೇ ಊರು ಕಲ್ಲು ಹೊಡೆಯಿತು. ವೇಷ ಯಾವ ದಿಕ್ಕಿಗೆ ಹೋಗಬೇಕು ಅನ್ನೋದು ಜಾತಿಯ ನಿಯಮ.

ಇನ್ನೊಂದು ಮಾತು. ರೋಸಿಯ ಹಿಂದೆ ಯಾರೂ ಇರಲಿಲ್ಲ ಅನ್ನುವಂತೆ ಈ ಕತೆ ಹೇಳುತ್ತಾರೆ. 1893ರಲ್ಲಿ ಅಯ್ಯಂಕಾಳಿ ರಾಜಬೀದಿಯಲ್ಲಿ ಎತ್ತಿನ ಗಾಡಿ ಓಡಿಸಿದ್ದ ಸೀಮೆ ಅದು. 1915ರಲ್ಲಿ ಪೆರಿನಾಡಿನಲ್ಲಿ ಪುಲಯ ಹೆಂಗಸರು ಜಾತಿಯ ಗುರುತಾಗಿ ಹಾಕಬೇಕಿದ್ದ ಕಲ್ಲುಮಣಿ ಸರಗಳನ್ನು ಕಿತ್ತೆಸೆದರು. ಆಗ ರೋಸಿಗೆ ಹನ್ನೆರಡು ವರ್ಷ. ಅವಳ ಮನೆತನ ಹುಡುಕುವವರು ಆ ಹೆಂಗಸರನ್ನು ಅಜ್ಜಿ ಚಿಕ್ಕಮ್ಮಂದಿರ ಸಾಲಿಗೆ ಯಾಕೆ ಸೇರಿಸುವುದಿಲ್ಲ? ರಕ್ತಸಂಬಂಧ ಇಲ್ಲ ಅಂತಲೇ? ಸರ ಕಿತ್ತೆಸೆದ ಕೊರಳಿಗೂ ಸರೋಜಿನಿಯ ಸೀರೆಗೂ ಇರುವ ನಂಟು ನನಗೆ ಕಾಣುತ್ತದೆ.

ಅದೇ 1903ರಲ್ಲಿ ನಮ್ಮ ಮಂಗಳೂರಿನಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದರು, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿಯವರ ಮೂಕಿಚಿತ್ರ ‘ವಸಂತಸೇನಾ’ದಲ್ಲಿ ಅವರೂ ನಟಿಸಿದರು, ಕೈಲಾಸಂ ಅದರಲ್ಲಿದ್ದರು. ಗಣಿಕೆಯ ಕತೆ. ಮರ್ಯಾದಸ್ಥ ಮನೆತನದ ಹೆಣ್ಣು ಸಿನೆಮಾದಲ್ಲಿ ಅಂತ ಒಂದೆರಡು ಮಾತು ಬಂದಿರಬಹುದು, ಮನೆಗೆ ಬೆಂಕಿ ಬೀಳಲಿಲ್ಲ. ಕಮಲಾದೇವಿ ದೊಡ್ಡ ಹೋರಾಟಗಾರ್ತಿ, ಅವರನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಅವರಿಗೆ ಆತ್ಮಕಥೆ ಇದೆ, ತಾಯಿ ಅಜ್ಜಿಯರ ಹೆಸರಿದೆ, ಫೋಟೋಗಳಿವೆ. ರೋಸಿಯದು ಅಂತ ಎಲ್ಲ ಕಡೆ ಓಡಾಡುವ ಒಂದು ಫೋಟೋ ಇದೆ, ಅದು ಅವಳದೇ ಅಂತ ಖಚಿತವಾಗಿಲ್ಲ. ಒಂದೇ ವರ್ಷದ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಮೂಕಿಚಿತ್ರದವರು. ನಮ್ಮ ವಿಮರ್ಶಕರು ವ್ಯಕ್ತಿತ್ವ, ಪ್ರತಿಭೆ ಅಂತ ಮಾತಾಡುವಾಗ ಇದನ್ನು ಎದುರಿಗಿಟ್ಟುಕೊಂಡು ಮಾತಾಡಲಿ.

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ. ಸೆಲ್ಯುಲಾಯ್ಡ್ ಬಂದ ಮೇಲೆ ಪತ್ರಿಕೆಯವರು ಅವಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿಕೊಂಡು ನಾಗರಕೋಯಿಲ್‌ಗೆ ಹೋದರು. ಮಕ್ಕಳು ತಂದೆಯ ಜಾತಿಯಲ್ಲಿ ಬೆಳೆದವರು. ತಾಯಿ ಸಿನೆಮಾದವಳು ಅನ್ನೋದೇ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಇಲ್ಲೊಂದು ವಿಚಿತ್ರ ನೋಡಿ. ನಾಯರರದು ಮರುಮಕ್ಕತ್ತಾಯಂ, ನಮ್ಮ ತುಳುನಾಡಿನ ಅಳಿಯಸಂತಾನದ ಹಾಗೆ. ಮಗು ತಾಯಿಯ ತರವಾಡಿಗೆ ಸೇರಿದ್ದು, ವಂಶ ತಾಯಿಯಿಂದ. ಅಂಥ ಸಮಾಜದೊಳಗೆ ಸೇರಲು ಈ ಮಕ್ಕಳು ತಾಯಿಯ ಕಡೆಯನ್ನೇ ಪೂರ್ತಿ ಒರೆಸಿಹಾಕಬೇಕಾಯಿತು. ತಾಯಿ ಪುಲತಿಯಾದ ಕೂಡಲೇ ನಿಯಮ ತಲೆಕೆಳಗಾಯಿತು.

ಒರೆಸಿದವಳು ರೋಸಿಯೇ ಇರಬಹುದಲ್ಲ? ಇದನ್ನು ನಮ್ಮ ಗೆಳೆಯರು ಒಪ್ಪುವುದಿಲ್ಲ. ಜಾತಿ ಮುಚ್ಚಿಡೋದು ಹೇಡಿತನ, ಸ್ವಾಭಿಮಾನಿ ದಲಿತ ಹೆಸರು ಹೇಳಿ ನಿಲ್ಲಬೇಕು ಅಂತಾರೆ. ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದದ್ದು 1994ರಲ್ಲಿ. ಜಾತಿಯನ್ನು ಹೆಸರಿಟ್ಟು ಬರೆಯುವ ಆ ಧೈರ್ಯದಿಂದಲೇ ನಮ್ಮ ವಿಮರ್ಶೆ ಕಣ್ಣು ಬಿಟ್ಟಿತು, ನಿಜ. ಆದರೆ ಮುಚ್ಚಿಟ್ಟು ಬದುಕಿದವರು ಪುಸ್ತಕ ಬರೆಯುವುದಿಲ್ಲ, ಅವರು ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳುವಾಗ ಹೆಸರಿನ ಬಾಲ ನುಂಗಿ ಹೇಳಿದವರು ಈ ಸಂಚಿಕೆಯ ಓದುಗರಲ್ಲೇ ಎಷ್ಟು ಜನ ಇಲ್ಲ? ನಾನೂ ನುಂಗಿದ್ದೇನೆ. ಮನೆ ಸಿಕ್ಕಿತು. ಆರು ತಿಂಗಳು ಅಮ್ಮನನ್ನು ಊರಿಂದ ಕರೆಸಲಿಲ್ಲ, ಅವಳ ಮಾತಿನಲ್ಲಿ ಕೇರಿ ಕೇಳಿಸಿಬಿಡುತ್ತದೆ ಅಂತ. ಅಮ್ಮ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಮನೆ ಸುಟ್ಟುಹೋದವಳು ಅರ್ಧ ಶತಮಾನ ಬಾಯಿ ಕಟ್ಟಿ ಮಕ್ಕಳನ್ನು ದಡ ಹತ್ತಿಸಿದ್ದರೆ, ಅದನ್ನು ಹೇಡಿತನ ಅನ್ನೋ ನಾಲಿಗೆ ನನಗಿಲ್ಲ. ಅವಳು ಮಾಡಿದ ಅತಿ ಉದ್ದದ ಪಾತ್ರ ಅದು. ಮೊದಲ ನಾಯರ್ ಪಾತ್ರಕ್ಕೆ ಕಲ್ಲು ಬಿತ್ತು, ಎರಡನೆಯದನ್ನು ಯಾರೂ ಗುರುತು ಹಿಡಿಯಲಿಲ್ಲ.

ಹಾಗಾದರೆ ಹುಡುಕೋದು ಬೇಡವೇ? ಬೇಕು. ಆದರೆ ಬಾಗಿಲು ಬದಲಾಗಲಿ. ಆ ಮೊಮ್ಮಕ್ಕಳ ಮನೆ ಮುಂದೆ ಮೈಕು ಹಿಡಿದು ನಿಮ್ಮಜ್ಜಿ ಪುಲಯರಂತೆ ಹೌದಾ ಅಂತ ಕೇಳೋದು, ಬೆಂಕಿಯಿಟ್ಟವರು ಅರ್ಧಕ್ಕೆ ಬಿಟ್ಟ ಕೆಲಸ. ನಂದನಕೋಡಿನ ಕೇರಿ ಇದೆ, ಕಾಕ್ಕಾರಿಶಿ ಆಡುವವರು ಇದ್ದಾರೆ, ಆ ವರ್ಷಗಳ ಮಲಯಾಳಂ ಪತ್ರಿಕೆಗಳಿವೆ. ಅವತ್ತು ಕ್ಯಾಪಿಟಲ್ ಟಾಕೀಸಿನಲ್ಲಿ ಟಿಕೇಟು ಕೊಂಡು ಕೂತಿದ್ದವರಿಗೂ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅವರ ತರವಾಡುಗಳ ವಂಶವೃಕ್ಷ ಯಾರೂ ಸುಟ್ಟಿಲ್ಲ. ಆ ರಾತ್ರಿ ನಿಮ್ಮಜ್ಜ ಎಲ್ಲಿದ್ದರು ಅಂತ ಒಬ್ಬ ಸಂಶೋಧಕ ಮೊದಲು ಅವರ ಮನೆಗೆ ಹೋಗಿ ಕೇಳಲಿ.