ವಂಶಾವಳಿಯಲ್ಲಿ ಆಕರ ನಿರ್ದೇಶ: ಪಂಪನ ಮನೆತನದ ನಿದರ್ಶನ

ಮನೆತನಗಳ ಚರಿತ್ರೆಯನ್ನು ಸಂಕಲಿಸುವವರಿಗೆ ದೊರೆಯುವ ಸಾಮಗ್ರಿ ಏಕರೂಪದ್ದಲ್ಲ. ಬಸದಿಯ ಶಾಸನ, ಕಾವ್ಯದ ಪೀಠಿಕೆ, ಓಲೆಗರಿಯ ಸಮಾಪ್ತಿವಾಕ್ಯ, ಮನೆಯ ಕಡತ, ಹಿರಿಯರ ಬಾಯಿಮಾತು ಇವೆಲ್ಲವೂ ಕಡೆಗೆ ಒಂದೇ ವಂಶವೃಕ್ಷದಲ್ಲಿ ಬಂದು ನಿಲ್ಲುತ್ತವೆ. ವೃಕ್ಷ ಸಿದ್ಧವಾದ ಮೇಲೆ ಎಲ್ಲ ಹೆಸರುಗಳೂ ಒಂದೇ ತೂಕದವಾಗಿ ತೋರುವುದೇ ಇಲ್ಲಿನ ತೊಡಕು. ಕಲ್ಲಿನಲ್ಲಿ ಕೊರೆದ ಹೆಸರಿಗೂ ಸಂಕಲನಕಾರನು ಊಹಿಸಿ ಸೇರಿಸಿದ ಹೆಸರಿಗೂ ಅಲ್ಲಿ ಭೇದವಿರುವುದಿಲ್ಲ. ಆದುದರಿಂದ ಗ್ರಂಥದ ಕೊನೆಯಲ್ಲಿ ಆಕರಗಳನ್ನು ಒಟ್ಟಾಗಿ ಹೆಸರಿಸಿದರೆ ಸಾಲದು. ಪ್ರತಿಯೊಂದು ಸಂಬಂಧಕ್ಕೂ ಅದರದೇ ಆಧಾರವನ್ನು ಹೇಳಬೇಕಾಗುತ್ತದೆ. ಪಂಪನ ಮನೆತನದ ವೃತ್ತಾಂತವು ಈ ಮಾತಿಗೆ ಉತ್ತಮ ನಿದರ್ಶನ.

ಪಂಪನ ತಂದೆ ‘ಅಭಿರಾಮದೇವರಾಯ ಅಥವಾ ಭೀಮಪಯ್ಯ’, ತಾಯಿ ಅಬ್ಬಣಬ್ಬೆ, ತಮ್ಮ ಜಿನವಲ್ಲಭ, ಜನನ ಕ್ರಿ.ಶ. 902, ಜನ್ಮಸ್ಥಳ ಅಣ್ಣಿಗೇರಿ ಎಂಬ ಒಕ್ಕಣೆ ಅನೇಕ ಪುಸ್ತಕಗಳಲ್ಲಿ ಕಾಣುತ್ತದೆ. ಓದುಗನಿಗೆ ಇದು ಒಂದೇ ಮೂಲದಿಂದ ಬಂದ ಅಖಂಡ ಮಾಹಿತಿಯಂತೆ ತೋರುತ್ತದೆ. ಬಿಡಿಸಿ ನೋಡಿದರೆ ಇದರಲ್ಲಿ ಕಾವ್ಯೋಕ್ತಿ, ಶಾಸನೋಕ್ತಿ ಮತ್ತು ಸಂಶೋಧಕರ ಅನುಮಾನ ಎಂಬ ಮೂರು ಬಗೆಯ ಅಂಶಗಳು ಬೆರೆತಿವೆ.

ವಿಕ್ರಮಾರ್ಜುನವಿಜಯದಲ್ಲಿ ಕವಿಯೇ ತನ್ನ ಪೂರ್ವಿಕರನ್ನು ಹೇಳಿಕೊಂಡಿದ್ದಾನೆ. ವತ್ಸಗೋತ್ರದ ಮಾಧವ ಸೋಮಯಾಜಿ, ಅವನ ಬಳಿಕ ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ ಎಂಬುದು ಅಲ್ಲಿನ ಕ್ರಮ. ಅಭಿರಾಮದೇವರಾಯನು ಜಿನಧರ್ಮವನ್ನು ಸ್ವೀಕರಿಸಿದ ಸಂಗತಿಯೂ ಅಲ್ಲಿಯೇ ಉಕ್ತವಾಗಿದೆ. ತಾಯಿಯ ಹೆಸರಾಗಲಿ ತಮ್ಮನ ಹೆಸರಾಗಲಿ ಈ ವಂಶಕಥನದಲ್ಲಿ ಇಲ್ಲ. ಅವೆರಡನ್ನೂ ತಿಳಿಸಿದ್ದು ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಗಲ್ಲಿನ ಶಾಸನ. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿರುವ ಈ ಶಾಸನವನ್ನು ಬರೆಯಿಸಿದವನು ಜಿನವಲ್ಲಭ. ತಾನು ಪಂಪನ ತಮ್ಮನೆಂದು, ಭೀಮಪಯ್ಯ ಮತ್ತು ಅಬ್ಬಣಬ್ಬೆಯರ ಮಗನೆಂದು ಅವನು ಹೇಳಿಕೊಳ್ಳುತ್ತಾನೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಹೊರಬಂದ 1907ರಲ್ಲಿ ಈ ಸಾಕ್ಷ್ಯವಿನ್ನೂ ವಿದ್ವಾಂಸರ ಬಳಕೆಗೆ ಬಂದಿರಲಿಲ್ಲ.

ಇಲ್ಲಿ ವಿಚಾರಣೀಯವಾದುದು ‘ಅಥವಾ’ ಎಂಬ ಪದ. ಅಭಿರಾಮದೇವರಾಯ ಎಂಬ ಹೆಸರು ಕಾವ್ಯದ್ದು. ಭೀಮಪಯ್ಯ ಎಂಬುದು ಶಾಸನದ್ದು. ಇವರಿಬ್ಬರೂ ಒಬ್ಬನೇ ಎಂಬುದು ಸಂಶೋಧನೆಯ ನಿರ್ಣಯ. ಈ ನಿರ್ಣಯ ದುರ್ಬಲವಾದುದಲ್ಲ: ಶಾಸನಕರ್ತನು ಪಂಪನ ಸಹೋದರ, ಅಭಿಮಾನಚಂದ್ರನ ಹೆಸರು ಎರಡು ಕಡೆಯೂ ಇದೆ, ಗೋತ್ರವೂ ವೆಂಗಿನಾಡಿನ ಮೂಲವೂ ಹೊಂದುತ್ತವೆ, ಅರಿಕೇಸರಿಯು ಪಂಪನಿಗೆ ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟ ಸಂಗತಿಗೂ ಎರಡರ ಬೆಂಬಲವಿದೆ. ಇಷ್ಟು ಗಟ್ಟಿಯಾದ ಆಧಾರವಿದ್ದರೂ ಅದನ್ನು ಮುಚ್ಚಿ ‘ಅಥವಾ’ ಎಂದಷ್ಟೇ ಬರೆದರೆ, ಸರಿಯಾದ ನಿರ್ಣಯವೂ ಬರಿಯ ಹೇಳಿಕೆಯ ಮಟ್ಟಕ್ಕೆ ಇಳಿಯುತ್ತದೆ.

ಜನನದ ವರ್ಷವೂ ಇಂತಹುದೇ. ಪಂಪನು ಹೇಳಿರುವುದು ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆನೆಂದು ಮಾತ್ರ. ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳುವುದರಿಂದ 842, 902, 962 ಮೂರೂ ದುಂದುಭಿಗಳೇ. ಆದಿಪುರಾಣವು ಶಕ 863ರಲ್ಲಿ, ಎಂದರೆ ಕ್ರಿ.ಶ. 941ರಲ್ಲಿ ಮುಗಿದುದರಿಂದ 962 ತಾನಾಗಿ ಬಿದ್ದುಹೋಗುತ್ತದೆ. 842 ಎಂದರೆ ಆಗ ಕವಿಗೆ ಸುಮಾರು ನೂರು ವರ್ಷವಾಗಬೇಕು. ಹೀಗೆ 902 ಉಳಿಯುತ್ತದೆ. ಮನೆಯ ಕಡತಗಳಲ್ಲಿ ಶಕವರ್ಷವಿಲ್ಲದೆ ಸಂವತ್ಸರವನ್ನಷ್ಟೇ ಬರೆದಿರುವ ಸಂದರ್ಭಗಳು ವಿಪುಲ. ಅಲ್ಲಿ ಮೂಲದ ಸಂವತ್ಸರವನ್ನು ಬಿಟ್ಟು ಲೆಕ್ಕಹಾಕಿದ ಇಸವಿಯನ್ನಷ್ಟೇ ದಾಖಲಿಸಿದರೆ ಒಂದು ಆವರ್ತ ತಪ್ಪಿದರೂ ಮುಂದಿನವರಿಗೆ ತಿದ್ದಲು ಹಾದಿ ಉಳಿಯುವುದಿಲ್ಲ.

ಅಣ್ಣಿಗೇರಿಯ ವಿಷಯದಲ್ಲಿ ಅನುಮಾನವು ಇನ್ನೂ ಮುಂದಕ್ಕೆ ಹೋಗಿದೆ. ಶಾಸನವು ಅಬ್ಬಣಬ್ಬೆಯನ್ನು ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನಕ್ಕೆ ಸೇರಿಸುತ್ತದೆ. ತಾಯಿಯ ತವರು ಅದೆಂಬುದು ಸಿದ್ಧ; ಮಗನು ಅಲ್ಲಿಯೇ ಹುಟ್ಟಿದನೆಂಬುದು ಸಂಭಾವ್ಯ. ಸಿದ್ಧಕ್ಕೂ ಸಂಭಾವ್ಯಕ್ಕೂ ಇರುವ ಈ ಅಂತರವನ್ನು ಊರಿನ ಅಭಿಮಾನ ಅಳಿಸಬಹುದು, ಚರಿತ್ರೆ ಅಳಿಸಬಾರದು.

ಆಕರವಿಲ್ಲದ ಪಟದಲ್ಲಿ ನಾಮಸಾಮ್ಯವು ಎಂತಹ ಪ್ರಮಾದಕ್ಕೆ ಎಡೆಗೊಡಬಲ್ಲುದೆಂಬುದಕ್ಕೆ ರನ್ನನ ಉದಾಹರಣೆ ಸಾಕು. ಅವನ ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ, ಹುಟ್ಟಿದ್ದು 949ರಲ್ಲಿ. ಪಂಪನ ತಮ್ಮ ಜಿನವಲ್ಲಭ, ತಾಯಿ ಅಬ್ಬಣಬ್ಬೆ. ಹೆಸರನ್ನೂ ಕಾಲವನ್ನೂ ಮಾತ್ರ ನೋಡುವವನಿಗೆ ರನ್ನನು ಪಂಪನ ತಮ್ಮನ ಮಗನೆಂದೇ ತೋರಬಹುದು. ಆದರೆ ರನ್ನನದು ಮುದುವೊಳಲಿನ ಬಳೆಗಾರರ ಕುಲ. ಪಂಪನದು ವೆಂಗಿನಾಡಿನಿಂದ ಬಂದ ಕಮ್ಮೆ ಬ್ರಾಹ್ಮಣ ಮೂಲ. ಆಕರಕ್ಕೆ ಮರಳಿದ ಕ್ಷಣವೇ ಈ ಭ್ರಮೆ ಕರಗುತ್ತದೆ. ಮರಳಲು ದಾರಿ ಇರಬೇಕು, ಅಷ್ಟೆ. ಪೂಜ್ಯಪಾದರನ್ನು ಪಾಣಿನಿಯ ಸೋದರಳಿಯನೆನ್ನುವ ಕಥೆ ಕನ್ನಡ ಜೈನ ಪರಂಪರೆಯಲ್ಲಿ ಬಂದಿದೆ. ಇಬ್ಬರ ನಡುವೆ ಹಲವು ಶತಮಾನಗಳ ಅಂತರವಿರುವುದನ್ನು ಅದು ಎಣಿಸುವುದಿಲ್ಲ. ದೇವಚಂದ್ರನ ರಾಜಾವಳಿಕಥೆಯಂತಹ 19ನೆಯ ಶತಮಾನದ ಕೃತಿಗಳನ್ನು ಬಳಸುವಾಗಲೂ ಈ ಎಚ್ಚರ ಅಗತ್ಯ. ಅವು ಆ ಕಾಲದ ಜನರು ನಂಬಿದ್ದುದಕ್ಕೆ ನೇರ ಸಾಕ್ಷಿ. ಒಂಬತ್ತು ಶತಮಾನಗಳ ಹಿಂದಿನ ತಂದೆಮಕ್ಕಳ ಸಂಬಂಧಕ್ಕೆ ಅಂತಹ ಸಾಕ್ಷಿಯಲ್ಲ.

ಸಂಕಲನಕಾರನ ಕರ್ತವ್ಯ ಇದರಿಂದ ಸ್ಪಷ್ಟವಾಗುತ್ತದೆ. ಹಸ್ತಪ್ರತಿಯಾದರೆ ಭಂಡಾರ, ಕಟ್ಟಿನ ಸಂಖ್ಯೆ, ಗರಿ ಮತ್ತು ಅದರ ಪಾರ್ಶ್ವವನ್ನು ಹೇಳಬೇಕು. ಕೃತಿ ರಚನೆಯಾದ ಕಾಲವನ್ನೂ ಪ್ರತಿಯಾದ ಕಾಲವನ್ನೂ ಬೇರೆಬೇರೆಯಾಗಿ ಕೊಡಬೇಕು. ಲಿಪಿಕಾರನ ಹೆಸರು ಕವಿಯ ವಂಶದೊಳಗೆ ನುಸುಳುವುದು ಇವೆರಡೂ ಬೆರೆತಾಗಲೇ. ಬಾಯಿಮಾತಾದರೆ ಹೇಳಿದವರಾರು, ಅವರಿಗೂ ಆ ವ್ಯಕ್ತಿಗೂ ಏನು ಸಂಬಂಧ, ಯಾವಾಗ ಕೇಳಿದ್ದು ಎಂಬುದಿರಬೇಕು. ಆಕರಗಳು ಭಿನ್ನವಾದಾಗ ಒಂದನ್ನು ಆರಿಸಿ ಇನ್ನೊಂದನ್ನು ಅಡಗಿಸದೆ ಎರಡನ್ನೂ ಇಡಬೇಕು. ಅನುಮಾನವನ್ನು ಅನುಮಾನವೆಂದೇ ಗುರುತಿಸಬೇಕು.

ಓಲೆಗರಿಗಳು ಹುಳು ಹಿಡಿಯುತ್ತವೆ, ಹಿರಿಯರು ಇಲ್ಲವಾಗುತ್ತಾರೆ. ಆಗ ಉಳಿಯುವುದು ಸಂಕಲನವೊಂದೇ. ಆಧಾರವನ್ನು ಹೇಳದ ಸಂಕಲನವನ್ನು ಮುಂದಿನವರು ನಂಬಬೇಕು ಇಲ್ಲವೆ ಬಿಡಬೇಕು. ಆಧಾರವನ್ನು ಹೇಳಿದ ಸಂಕಲನವನ್ನು ಪರೀಕ್ಷಿಸಬಹುದು, ತಿದ್ದಬಹುದು, ಬೆಳೆಸಬಹುದು. ವಂಶಾವಳಿಯೂ ಶಾಸ್ತ್ರವೆನಿಸಿಕೊಳ್ಳುವುದು ಆಗಲೇ.